ಕೆಸರು ಕಕ್ಕುವ ಬಾರಾಟಾಂಗ್, ಬೆಂಕಿ ಕಕ್ಕುವ ಬ್ಯಾರನ್: ಒಂದೇ ಫಲಕದ ಎರಡು ನೀರು

ಅಂಡಮಾನಿನ ಬಾರಾಟಾಂಗ್ ದ್ವೀಪದಲ್ಲಿ ಕೆಸರು ಜ್ವಾಲಾಮುಖಿ ನೋಡಲು ಹೋದವರಲ್ಲಿ ಹೆಚ್ಚಿನವರು ಸ್ವಲ್ಪ ನಿರಾಸೆಯಿಂದಲೇ ಮರಳುತ್ತಾರೆ. ಹೆಸರು ಕೇಳಿ ಬೆಂಕಿ, ಹೊಗೆ ನಿರೀಕ್ಷಿಸಿದವರಿಗೆ ಅಲ್ಲಿ ಕಾಣುವುದು ಬೂದುಬಣ್ಣದ ಮಣ್ಣಿನ ದಿಬ್ಬ, ಅದರ ನೆತ್ತಿಯಲ್ಲಿ ಆಗೊಮ್ಮೆ ಈಗೊಮ್ಮೆ ಗುಳ್ಳೆಯೊಡೆಯುವ ತೆಳು ಕೆಸರು. ಆ ಕೆಸರು ಸುಡುವುದಿಲ್ಲ, ಅದರ ಗುಳ್ಳೆಗಳಲ್ಲಿರುವುದು ಬಹುಪಾಲು ಮೀಥೇನ್ ಅನಿಲ. ಇಷ್ಟು ಸಾಧುವಾಗಿ ಕಾಣುವ ಈ ದಿಬ್ಬ 2004ರ ಡಿಸೆಂಬರ್ 26ರ ಮಹಾಭೂಕಂಪವಾದ ಎರಡೇ ದಿನಕ್ಕೆ ಸಿಡಿದಿತ್ತು. 2025ರ ಅಕ್ಟೋಬರ್ 2ರಂದು ಮತ್ತೆ ದೊಡ್ಡ ಸದ್ದಿನೊಂದಿಗೆ ಹೊಸ ಕೆಸರನ್ನು ಹೊರಹಾಕಿತು. ಅದಕ್ಕೆ ಎರಡು ವಾರ ಮೊದಲು, ಇಲ್ಲಿಂದ ಪೂರ್ವಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ದೂರದ ಬ್ಯಾರನ್ ದ್ವೀಪದಲ್ಲಿ, ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿ ಎನಿಸಿಕೊಂಡ ಪರ್ವತ ಒಂದೇ ತಿಂಗಳಲ್ಲಿ ಎರಡು ಬಾರಿ ಸಿಡಿದಿತ್ತು.

ಎರಡನ್ನೂ ಜೋಡಿಸಿ ಸುದ್ದಿ ಮಾಡಿದವರು ಇದ್ದಾರೆ. ಹತ್ತಿರ ಹತ್ತಿರದ ದಿನಗಳಲ್ಲಿ ನಡೆದವು ಎಂಬ ಕಾರಣಕ್ಕೇ ಒಂದು ಇನ್ನೊಂದನ್ನು ಕೆರಳಿಸಿತು ಎನ್ನುವುದಕ್ಕೆ ಆಧಾರವಿಲ್ಲ. ಆದರೆ ಅವೆರಡರ ನಡುವೆ ದಿನಾಂಕಕ್ಕಿಂತ ಹಳೆಯ ನಂಟೊಂದಿದೆ. ಎರಡನ್ನೂ ನಡೆಸುತ್ತಿರುವುದು ನೀರು, ಮತ್ತು ಆ ನೀರನ್ನು ಹೊತ್ತು ತಂದದ್ದು ಒಂದೇ ಭೂಫಲಕ. ಬಾರಾಟಾಂಗ್‌ನಲ್ಲಿ ಹೊರಬರುವುದು ಕಡಿಮೆ ಆಳದಲ್ಲಿ, ಸಾಧಾರಣ ಬಿಸಿಯಲ್ಲಿ ಹಿಂಡಿದ ನೀರು. ಬ್ಯಾರನ್‌ನ ಬೆಂಕಿಗೆ ಕಾರಣವಾದದ್ದು ಅದಕ್ಕಿಂತ ಬಹಳ ಆಳದಲ್ಲಿ, ಬಂಡೆಯೇ ಬೆವರುವಷ್ಟು ಬಿಸಿಯಲ್ಲಿ ಬಿಡುಗಡೆಯಾದ ನೀರು. ಇವೆರಡರ ನಡುವಿನ ಆಳದಲ್ಲಿ ನೀರು ಎಲ್ಲಿ, ಯಾವಾಗ, ಎಷ್ಟು ಬಿಡುಗಡೆಯಾಗುತ್ತದೆ ಎಂಬುದು ಸುನಾಮಿಯ ಗಾತ್ರವನ್ನು ನಿರ್ಧರಿಸುವ ಸಂಗತಿಗಳಲ್ಲೊಂದು. ಈ ವಿಷಯದಲ್ಲಿ ಪಠ್ಯಪುಸ್ತಕದ ತಿಳಿವಳಿಕೆಯನ್ನು ತಿದ್ದಬೇಕಾಗಿ ಬಂದದ್ದು ನಮ್ಮದೇ ನದಿಗಳು ಸಾಗಿಸಿದ ಮಣ್ಣಿನಿಂದ.

ಭಾರತ ಮತ್ತು ಆಸ್ಟ್ರೇಲಿಯಾಗಳನ್ನು ಹೊತ್ತ ಸಾಗರತಳದ ಫಲಕವು ಸುಮಾತ್ರಾ, ನಿಕೋಬಾರ್, ಅಂಡಮಾನ್‌ಗಳ ಪಶ್ಚಿಮದಲ್ಲಿ ಇನ್ನೊಂದು ಫಲಕದ ಅಡಿಗೆ ವರ್ಷಕ್ಕೆ ಕೆಲವು ಸೆಂಟಿಮೀಟರ್ ವೇಗದಲ್ಲಿ ನುಸುಳುತ್ತಿದೆ. ಭೂವಿಜ್ಞಾನದಲ್ಲಿ ಇಂತಹ ಜಾಗಕ್ಕೆ ಸಬ್‌ಡಕ್ಷನ್ ವಲಯ ಎನ್ನುತ್ತಾರೆ, ಫಲಕ ಬಗ್ಗಿ ಇಳಿಯುವಲ್ಲಿ ಸಾಗರತಳದಲ್ಲಿ ಉಂಟಾಗುವ ಆಳವಾದ ಉದ್ದ ತಗ್ಗಿಗೆ ಕಂದಕ ಎನ್ನುತ್ತಾರೆ. ಹೀಗೆ ಇಳಿಯುವ ಫಲಕ ಒಣ ಬಂಡೆಯಲ್ಲ. ಅದರ ಮೇಲೆ ಕೋಟ್ಯಂತರ ವರ್ಷಗಳಿಂದ ಶೇಖರವಾದ ಹೂಳಿದೆ, ಮೇಲುಪದರದ ಹೊಸ ಹೂಳಿನಲ್ಲಿ ಮಣ್ಣಿಗಿಂತ ನೀರೇ ಹೆಚ್ಚು. ಹೂಳಿನ ಕೆಳಗಿನ ಬಸಾಲ್ಟ್ ಶಿಲೆಯ ಬಿರುಕುಗಳಲ್ಲಿ ನೀರಿದೆ. ಇದಲ್ಲದೆ ಜೇಡಿ ಮತ್ತಿತರ ಖನಿಜಗಳ ಹರಳಿನೊಳಗೇ ಕಟ್ಟಿಹಾಕಿಕೊಂಡ ನೀರಿದೆ, ಅದು ಕಣ್ಣಿಗೆ ಒಣಗಿದಂತೆಯೇ ಕಾಣುತ್ತದೆ. ಸಾಗರತಳದ ತೊಗಟೆಯ ಕೆಳಗಿರುವ ಮ್ಯಾಂಟಲ್ ಪದರದ ಶಿಲೆಗೆ ನೀರು ತಾಗಿ ಆಗುವ ಸರ್ಪೆಂಟೈನ್ ಖನಿಜದ ನೂರು ಕಿಲೋದಲ್ಲಿ ಹನ್ನೆರಡು ಹದಿಮೂರು ಕಿಲೋ ನೀರು ಹೀಗೆ ಅಡಗಿರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಕೊಡ ನೀರು.

ಮೊದಲ ಬಗೆಯ ನೀರನ್ನು ಹೊರಹಾಕಲು ಒತ್ತಡ ಸಾಕು. ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ ಮೊದಲ ಕೆಲವು ಕಿಲೋಮೀಟರ್ ಆಳದಲ್ಲೇ ಅದರ ಬಹುಭಾಗ ಹೊರಬೀಳುತ್ತದೆ. ಹರಳಿನೊಳಗಿನ ನೀರನ್ನು ಬಿಡಿಸಲು ಮಾತ್ರ ಬಿಸಿಯೇ ಬೇಕು. ಸ್ಮೆಕ್ಟೈಟ್ ಎಂಬ ಜಾರುಜೇಡಿ ಸುಮಾರು 60ರಿಂದ 150 ಡಿಗ್ರಿ ಸೆಲ್ಸಿಯಸ್ ನಡುವೆ ತನ್ನ ನೀರನ್ನು ಬಿಟ್ಟು ಇಲ್ಲೈಟ್ ಎಂಬ ಬೇರೆಯೇ ಖನಿಜವಾಗುತ್ತದೆ. ಬಾರಾಟಾಂಗ್ ಕೆಸರಿನಲ್ಲಿ ಹೀಗೆ ಬಿಡುಗಡೆಯಾದ ನೀರಿನ ಗುರುತುಗಳಿವೆ. ಸರ್ಪೆಂಟೈನ್ ಇನ್ನೂ ಹಟಮಾರಿ. 600 ಡಿಗ್ರಿ ಆಸುಪಾಸಿನವರೆಗೆ ನೀರನ್ನು ಬಿಗಿಹಿಡಿದುಕೊಂಡು, ಆಮೇಲೆ ಮೇಲಿನ ಮ್ಯಾಂಟಲ್‌ಗೆ ಅದನ್ನು ಕೊಡುತ್ತದೆ. ನೀರು ತಾಗಿದ ಮ್ಯಾಂಟಲ್ ಶಿಲೆ ಒಣಶಿಲೆಗಿಂತ ಹಲವು ನೂರು ಡಿಗ್ರಿ ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಜಗತ್ತಿನ ಬಹುತೇಕ ದ್ವೀಪಸಾಲಿನ ಜ್ವಾಲಾಮುಖಿಗಳು ಇಳಿಯುವ ಫಲಕ ಸುಮಾರು 100 ಕಿ.ಮೀ. ಆಳ ಮುಟ್ಟಿದ ಜಾಗದ ನೆತ್ತಿಯ ಮೇಲೆಯೇ ಸಾಲುಗಟ್ಟಿರುವುದಕ್ಕೆ ಇದೇ ಕಾರಣ. ಅಲ್ಲಿ ಬಂಡೆ ಕರಗುವುದು ಬಿಸಿ ಏಕಾಏಕಿ ಹೆಚ್ಚಿದ್ದಕ್ಕಲ್ಲ, ನೀರು ಬಂದು ಸೇರಿದ್ದಕ್ಕೆ.

ಹಾಗಾದರೆ ಅಷ್ಟು ಆಳಕ್ಕೆ ಇಳಿದ ಫಲಕ ಮೊದಲೇ ಏಕೆ ಬಿಸಿಯಾಗುವುದಿಲ್ಲ? ಬಂಡೆಯಲ್ಲಿ ಬಿಸಿ ಹರಡುವ ವೇಗ ಆಮೆಗಿಂತಲೂ ನಿಧಾನ. ಒಂದು ಕಿಲೋಮೀಟರ್ ದಪ್ಪದ ಬಂಡೆಯನ್ನು ಶಾಖ ದಾಟಲು ಸುಮಾರು ಮೂವತ್ತು ಸಾವಿರ ವರ್ಷ ಬೇಕು. ದಪ್ಪ ಹತ್ತುಪಟ್ಟಾದರೆ ಕಾಲ ನೂರು ಪಟ್ಟಾಗುತ್ತದೆ, ಆದ್ದರಿಂದ ಹತ್ತು ಕಿಲೋಮೀಟರಿಗೆ ಮೂವತ್ತು ಲಕ್ಷ ವರ್ಷ. ವರ್ಷಕ್ಕೆ ನಾಲ್ಕು ಸೆಂಟಿಮೀಟರ್ ಸರಿಯುವ ಫಲಕ ಅಷ್ಟರಲ್ಲಿ 120 ಕಿ.ಮೀ. ಮುಂದೆ ಹೋಗಿರುತ್ತದೆ. ಫ್ರಿಜ್ಜಿನಿಂದ ತೆಗೆದ ದಪ್ಪ ಗಡ್ಡೆಯನ್ನು ಕುದಿಯುವ ಸಾರಿಗೆ ಹಾಕಿದಂತೆ, ಹೊರಗೆ ಬೆಂದರೂ ಫಲಕದ ಒಡಲು ಬಹುದೂರದವರೆಗೆ ತಣ್ಣಗೇ ಇರುತ್ತದೆ. ಫಲಕ ಹಳೆಯದಾಗಿದ್ದಷ್ಟೂ ಅದು ಸಾಗರತಳದಲ್ಲೇ ಹೆಚ್ಚು ತಣಿದಿರುತ್ತದೆ, ನೀರನ್ನು ಹೆಚ್ಚು ಆಳಕ್ಕೆ ಒಯ್ಯುತ್ತದೆ. ಎಳೆಯ ಫಲಕ ಬಿಸಿಯಾಗಿಯೇ ಇಳಿಯುವುದರಿಂದ ಮೇಲೆಯೇ ನೀರನ್ನು ಚೆಲ್ಲಿಬಿಡುತ್ತದೆ.

ಇನ್ನು ಭೂಕಂಪಕ್ಕೂ ನೀರಿಗೂ ಏನು ಸಂಬಂಧ ಎಂಬುದನ್ನು ಅಡುಗೆಮನೆಯಲ್ಲೇ ನೋಡಬಹುದು. ಬಿಸಿನೀರಿನಲ್ಲಿ ತೊಳೆದ ಸ್ಟೀಲ್ ಲೋಟವನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಬೋರಲು ಹಾಕಿದರೆ, ಕೆಲವೊಮ್ಮೆ ಯಾರೂ ಮುಟ್ಟದೆಯೇ ಅದು ಒಂದೆರಡು ಗೇಣು ಸರಿದು ಹೋಗುತ್ತದೆ. ಲೋಟದ ತೂಕ ಕಡಿಮೆಯಾಗಿಲ್ಲ, ಕಟ್ಟೆಯೂ ಓರೆಯಾಗಿಲ್ಲ. ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಯಾಗಿ ಹಿಗ್ಗಿ ಲೋಟದ ಭಾರದ ಒಂದು ಪಾಲನ್ನು ತಾನೇ ಹೊತ್ತಿದೆ, ಅಂಚಿನ ನೀರು ಅದು ಸೋರಿಹೋಗದಂತೆ ಮುಚ್ಚಿದೆ. ಎರಡು ಬಂಡೆಗಳು ಒಂದಕ್ಕೊಂದು ಉಜ್ಜಿ ಜಾರುವ ಬಿರುಕಿನಲ್ಲಿ, ಅಂದರೆ ಸ್ತರಭಂಗದಲ್ಲಿ, ಆ ಗಾಳಿಯ ಪಾತ್ರವನ್ನು ನೀರು ವಹಿಸುತ್ತದೆ. ಮೇಲಿನ ಹತ್ತಾರು ಕಿಲೋಮೀಟರ್ ಬಂಡೆಯ ಭಾರದಿಂದ ಎರಡು ಫಲಕಗಳು ಅಪ್ಪಿಕೊಂಡಿರುತ್ತವೆ. ನಡುವೆ ಸಿಕ್ಕಿಕೊಂಡ ನೀರು ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರಿಸಿಕೊಂಡರೆ ಆ ಭಾರದ ಪಾಲನ್ನು ಅದೇ ಹೊರುತ್ತದೆ, ಘರ್ಷಣೆ ಕುಸಿಯುತ್ತದೆ. 1967ರ ಕೊಯ್ನಾ ಭೂಕಂಪದ ಬಳಿಕ, ಜಲಾಶಯದ ನೀರಿನ ಏರಿಳಿತಕ್ಕೂ ಅಲ್ಲಿನ ಕಂಪನಗಳಿಗೂ ಇರುವ ಸಂಬಂಧವನ್ನು ನಮ್ಮ ವಿಜ್ಞಾನಿಗಳು ದಶಕಗಳಿಂದ ಅಳೆಯುತ್ತಿರುವುದೂ ಇದೇ ತತ್ವದ ಮೇಲೆ. ಅಲ್ಲಿನದು ಸಬ್‌ಡಕ್ಷನ್ ಅಲ್ಲ, ಆದರೆ ಬಂಡೆ ಮತ್ತು ನೀರಿನ ವ್ಯವಹಾರ ಎಲ್ಲೆಡೆ ಒಂದೇ.

ಜಪಾನಿನ ನೈರುತ್ಯದ ನಾನ್ಕಾಯ್ ಕಂದಕ ಇದರ ಅತಿ ಹೆಚ್ಚು ಅಧ್ಯಯನಗೊಂಡ ನಿದರ್ಶನ. ಅಲ್ಲಿ ಇಳಿಯುತ್ತಿರುವುದು ಒಂದೂವರೆ ಎರಡು ಕೋಟಿ ವರ್ಷದ ಎಳೆಯ, ಬಿಸಿ ಫಲಕ. 2016ರಲ್ಲಿ ಮುರೊಟೊ ಭೂಶಿರದ ಆಚೆ ಚಿಕ್ಯು ಎಂಬ ಹಡಗು ಸಾಗರತಳವನ್ನು 1.2 ಕಿ.ಮೀ.ನಷ್ಟು ಕೊರೆದಾಗ ತುದಿಯಲ್ಲಿ ಆಗಲೇ ಸುಮಾರು 120 ಡಿಗ್ರಿ ಬಿಸಿಯಿತ್ತು. ಇದೇ ಫಲಕ 30–40 ಕಿ.ಮೀ. ಆಳ ತಲುಪುವ ಪಟ್ಟಿಯಲ್ಲಿ ನೆಲ ಸಣ್ಣದಾಗಿ, ದಿನಗಟ್ಟಲೆ ನಡುಗುತ್ತಲೇ ಇರುವುದನ್ನು ಜಪಾನಿನ ಭೂಕಂಪ ವಿಜ್ಞಾನಿ ಕಝುಶಿಗೆ ಒಬಾರಾ 2002ರಲ್ಲಿ ತೋರಿಸಿಕೊಟ್ಟರು. ಯಾರಿಗೂ ಅರಿವಾಗದ ಈ ನಡುಕ, ಅದರ ಜೊತೆಗೆ ವಾರಗಟ್ಟಲೆ ಸಾಗುವ ನಿಧಾನ ಜಾರುವಿಕೆ, ಇವೆರಡಕ್ಕೂ ಖನಿಜಗಳಿಂದ ಬಿಡುಗಡೆಯಾಗಿ ಹೊರಹೋಗಲಾರದ ನೀರಿನ ಅತಿ ಒತ್ತಡವೇ ಕಾರಣ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. 2024ರ ಆಗಸ್ಟ್‌ನಲ್ಲಿ ಹ್ಯೂಗಾ ಸಮುದ್ರದಲ್ಲಿ 7.1 ತೀವ್ರತೆಯ ಕಂಪನವಾದಾಗ ಜಪಾನ್ ಮೊದಲ ಬಾರಿಗೆ ನಾನ್ಕಾಯ್ ಮಹಾಭೂಕಂಪದ ಎಚ್ಚರಿಕೆ ಹೊರಡಿಸಿ ಒಂದು ವಾರ ಕಾದು ಕುಳಿತದ್ದು ಈ ವಲಯದ ಮೇಲೆಯೇ.

ಅದೇ ಜಪಾನಿನ ಈಶಾನ್ಯಕ್ಕೆ ಹೋದರೆ ಕಥೆ ಬೇರೆ. ಅಲ್ಲಿ ಇಳಿಯುವುದು ಹದಿಮೂರು ಕೋಟಿ ವರ್ಷದ ಮುದಿ, ತಣ್ಣನೆಯ ಪೆಸಿಫಿಕ್ ಫಲಕ. 2011ರ ಮಾರ್ಚ್ 11ರಂದು ಅಲ್ಲಿನ ಸ್ತರಭಂಗದ ಮೇಲಂಚು, ಕಂದಕದ ಬಾಯಿಯವರೆಗೂ, ಸುಮಾರು 50 ಮೀಟರ್ ಜಾರಿತು. ಹಿಂದಿನ ತಿಳಿವಳಿಕೆಯ ಪ್ರಕಾರ ಹಾಗಾಗಬಾರದಿತ್ತು. ಸ್ತರಭಂಗದ ಮೇಲ್ಭಾಗದಲ್ಲಿರುವುದು ಒದ್ದೆ ಜೇಡಿ, ಅದು ಬಿಗಿತವನ್ನು ಕೂಡಿಟ್ಟುಕೊಳ್ಳಲಾರದೆ ಸದ್ದಿಲ್ಲದೆ ಜಾರುತ್ತಿರುತ್ತದೆ, ಸುಮಾರು 100ರಿಂದ 150 ಡಿಗ್ರಿ ಬಿಸಿಯ ಗಡಿ ದಾಟಿ ಜೇಡಿ ಗಟ್ಟಿಯಾದ ಮೇಲೆಯೇ ಭೂಕಂಪದ ಸೀಮೆ ಶುರು, 350 ಡಿಗ್ರಿಯ ಆಚೆ ಬಂಡೆ ಮೆತ್ತಗಾಗಿ ಆ ಸೀಮೆ ಮುಗಿಯುತ್ತದೆ ಎಂದು ಪುಸ್ತಕಗಳು ಹೇಳುತ್ತಿದ್ದವು.

ಇದನ್ನು ಪರೀಕ್ಷಿಸಲು ನಡೆಸಿದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು, ಏಕೆಂದರೆ ಭೂವಿಜ್ಞಾನದಲ್ಲಿ ಇಷ್ಟು ಸರಳವೂ ಇಷ್ಟು ಕಷ್ಟವೂ ಆದ ಅಳತೆ ಅಪರೂಪ. ಅಂಗೈಗಳನ್ನು ಉಜ್ಜಿದರೆ ಬಿಸಿಯಾಗುತ್ತದೆ, ಹೆಚ್ಚು ಒತ್ತಿ ಉಜ್ಜಿದರೆ ಹೆಚ್ಚು ಬಿಸಿ. ಐವತ್ತು ಮೀಟರ್ ಜಾರಿದ ಸ್ತರಭಂಗದಲ್ಲಿ ಉಳಿದ ಬಿಸಿಯನ್ನು ಅಳೆದರೆ ಜಾರುವಾಗಿನ ಘರ್ಷಣೆ ಎಷ್ಟಿತ್ತೆಂದು ಲೆಕ್ಕ ಹಾಕಬಹುದು. ಆದರೆ ಆ ಬಿಸಿ ದಿನೇದಿನೇ ಆರಿಹೋಗುತ್ತಿರುತ್ತದೆ. ಚಿಕ್ಯು ಹಡಗು 6,900 ಮೀಟರ್ ನೀರಿನ ಕೆಳಗೆ ಮತ್ತೂ 800 ಮೀಟರಿಗಿಂತ ಹೆಚ್ಚು ಕೊರೆದು, ಭೂಕಂಪವಾಗಿ ಹದಿನಾರು ತಿಂಗಳಾದಾಗ, 2012ರ ಜುಲೈನಲ್ಲಿ, 55 ತಾಪಮಾಪಕಗಳ ಒಂದು ಸರವನ್ನು ಆ ಕೊಳವೆಗೆ ಇಳಿಬಿಟ್ಟಿತು. 2013ರ ಏಪ್ರಿಲ್‌ನಲ್ಲಿ ಅದನ್ನು ಮೇಲೆತ್ತಿ ನೋಡಿದಾಗ ಸ್ತರಭಂಗದ ಜಾಗದಲ್ಲಿ ಸುತ್ತಲಿಗಿಂತ ಹೆಚ್ಚಿದ್ದ ಬಿಸಿ ಒಟ್ಟು 0.31 ಡಿಗ್ರಿ. ಲೆಕ್ಕ ಕೊಟ್ಟ ಘರ್ಷಣಾಂಕ ಸುಮಾರು 0.08. ಸಾಮಾನ್ಯ ಬಂಡೆಗಳಲ್ಲಿ ಇದು 0.6ರಿಂದ 0.85 ಇರುತ್ತದೆ. ಅಂದರೆ ಆ ಸ್ತರಭಂಗ ಬಂಡೆಯ ಮೇಲೆ ಬಂಡೆಯಂತಲ್ಲ, ಹೆಚ್ಚುಕಡಿಮೆ ಎಣ್ಣೆ ಸವರಿದಂತೆ ಜಾರಿತ್ತು. ಐದು ಮೀಟರಿಗಿಂತ ತೆಳುವಾದ ಸ್ಮೆಕ್ಟೈಟ್ ಜೇಡಿಯ ಪಟ್ಟಿ, ಜಾರುವ ಆ ಕ್ಷಣಗಳಲ್ಲೇ ಬಿಸಿಯಾಗಿ ಹಿಗ್ಗಿದ ಅದರ ನೀರು, ಎರಡೂ ಸೇರಿ ತಡೆಯನ್ನು ಇಲ್ಲವಾಗಿಸಿದ್ದವು ಎಂಬುದು ಒಪ್ಪಿತವಾದ ವಿವರಣೆ. ಚಿಕ್ಯು 2024ರ ಕೊನೆಯಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗಿ ಕೊರೆದು ಬಂದಿದೆ.

ಜಪಾನಿನ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು 2004ರ ಸುಮಾತ್ರಾ–ಅಂಡಮಾನ್ ಭೂಕಂಪಕ್ಕೂ ಅದನ್ನೇ ಅನ್ವಯಿಸಿಬಿಡುವ ಆಸೆ ಸಹಜ. ಅಲ್ಲಿಯೂ ಸ್ತರಭಂಗ ನಿರೀಕ್ಷೆಗಿಂತ ಕಂದಕಕ್ಕೆ ಹತ್ತಿರದವರೆಗೆ ಒಡೆದಿತ್ತು. ಸುಮಾರು 1,300 ಕಿ.ಮೀ. ಉದ್ದದ ಬಿರುಕು ಹತ್ತು ನಿಮಿಷದೊಳಗೆ ಒಡೆದು, ಹದಿನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆದರೆ ಇಲ್ಲಿಯ ಮಣ್ಣು ಬೇರೆ. ಗಂಗಾ, ಬ್ರಹ್ಮಪುತ್ರಾ ನದಿಗಳು ಹಿಮಾಲಯವನ್ನು ಕೊರೆದು ತಂದ ಹೂಳು ಬಂಗಾಳ ಕೊಲ್ಲಿಯ ತಳದಲ್ಲಿ ದಕ್ಷಿಣಕ್ಕೆ ಸಾವಿರಾರು ಕಿಲೋಮೀಟರ್ ಸಾಗಿ, ನಿಕೋಬಾರಿನ ಪಶ್ಚಿಮಕ್ಕೆ ಬೀಸಣಿಗೆಯಾಕಾರದಲ್ಲಿ ಹರಡಿಕೊಂಡಿದೆ. ಸುಮಾರು 95 ಲಕ್ಷ ವರ್ಷಗಳ ಹಿಂದೆ ಈ ಹೂಳಿನ ಸುರಿತ ಒಮ್ಮೆಲೇ ಹೆಚ್ಚಿತು. ಸುಮಾತ್ರಾದ ಉತ್ತರಭಾಗದ ಎದುರು ಕಂದಕದ ಬಾಯಿಯಲ್ಲಿ ಅದರ ದಪ್ಪ 4ರಿಂದ 5 ಕಿ.ಮೀ.

2016ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು ಕಂದಕಕ್ಕೆ ಇನ್ನೂ ತಲುಪದ ಈ ಹೂಳನ್ನು ಎರಡು ಕಡೆ ಸುಮಾರು ಒಂದೂವರೆ ಕಿಲೋಮೀಟರ್ ಆಳಕ್ಕೆ ಕೊರೆಯಿತು. ಮೇಲೆ ಬಂದ ಮಣ್ಣಿನ ಕಂಬದಿಂದ ತುಂಡೊಂದನ್ನು ಕತ್ತರಿಸಿ, ಕೊರೆಯುವಾಗ ಬಳಸಿದ ಸಮುದ್ರದ ನೀರು ಅಂಟಿದ ಹೊರಮೈಯನ್ನು ಕೆರೆದು ತೆಗೆದು, ಒಳತಿರುಳನ್ನು ಲೋಹದ ಉರುಳೆಯೊಳಗಿಟ್ಟು ಹೈಡ್ರಾಲಿಕ್ ಒತ್ತುಯಂತ್ರದಲ್ಲಿ ಹಿಂಡುತ್ತಾರೆ. ಗಾಣದಲ್ಲಿ ಎಣ್ಣೆ ತೆಗೆದ ಹಾಗೆಯೇ, ಆದರೆ ಗಟ್ಟಿ ಮಣ್ಣಾಗಿದ್ದರೆ ಗಂಟೆಗಟ್ಟಲೆ ಹಿಂಡಿದರೂ ಸಿರಿಂಜಿಗೆ ಇಳಿಯುವುದು ಕೆಲವೇ ಮಿಲಿಲೀಟರ್. ಆ ಹನಿಗಳಲ್ಲಿ ಉಪ್ಪು ಎಷ್ಟಿದೆ ಎಂದು ನೋಡುತ್ತಾರೆ. ಮೇಲಿನ ಪದರಗಳ ನೀರು ಸಮುದ್ರದ ನೀರಿನಷ್ಟೇ ಉಪ್ಪಾಗಿದ್ದರೆ, ಆಳದ ಪದರಗಳಲ್ಲಿ ಉಪ್ಪು ಕಡಿಮೆಯಾಗಿತ್ತು. ನೆಲದಿಂದ ಅಷ್ಟು ದೂರದ ಸಾಗರತಳಕ್ಕೆ ಸಿಹಿನೀರು ಬರಲು ಹೊಳೆಯೂ ಇಲ್ಲ, ಮಳೆಯೂ ಇಲ್ಲ. ಅದು ಖನಿಜದ ಒಳಗಿನಿಂದಲೇ ಇತ್ತೀಚೆಗೆ ಬಿಡುಗಡೆಯಾದ ನೀರು.

2017ರಲ್ಲಿ ಪ್ರಕಟವಾದ ಇದರ ವಿಶ್ಲೇಷಣೆಯ ತಿರುಳು ಹೀಗಿದೆ: ಹಿಮಾಲಯದ ಹೂಳು ದಪ್ಪ ಕಂಬಳಿಯಂತೆ ಹೊದ್ದುಕೊಂಡದ್ದರಿಂದ ಅದರ ಕೆಳಗಿನ ಹಳೆಯ ಪದರ ಬೇಗ ಬೇಗ ಬಿಸಿಯಾಯಿತು. ಅಲ್ಲಿದ್ದ ಹರಳುಗಟ್ಟದ ಸಿಲಿಕಾ ತನ್ನ ನೀರನ್ನು ಬಿಟ್ಟು ಗಟ್ಟಿಯಾಗತೊಡಗಿತು. ಈ ಮಣ್ಣು ಮುಂದೆ ಕಂದಕ ತಲುಪುವಷ್ಟರಲ್ಲಿ, ಅಂದರೆ ಫಲಕದ ಅಡಿಗೆ ನುಸುಳುವ ಮೊದಲೇ, ನೀರನ್ನು ಬಿಡುವ ಕೆಲಸ ಪೂರ್ತಿ ಮುಗಿದಿರುತ್ತದೆ. ಬೇರೆ ಕಂದಕಗಳಿಗೆ ಹಸಿ ಮಣ್ಣಿನ ಮಡಕೆ ಹೋಗುತ್ತಿದ್ದರೆ ಇಲ್ಲಿಗೆ ಬರುತ್ತಿರುವುದು ಅರೆಸುಟ್ಟ ಮಡಕೆ. ಹಸಿಯದು ಒತ್ತಿದರೆ ತಗ್ಗುತ್ತದೆ, ಸುಟ್ಟದ್ದು ತಗ್ಗದೆ ತಡೆದುಕೊಂಡು ಕೊನೆಗೆ ಒಮ್ಮೆಲೇ ಒಡೆಯುತ್ತದೆ. ಜಪಾನಿನ ಕಂದಕದಲ್ಲಿ ಮೇಲಂಚು ದುರ್ಬಲವಾಗಿದ್ದರಿಂದ ಜಾರಿತು, ಸುಮಾತ್ರಾದಲ್ಲಿ ಅದು ಬಲವಾಗಿದ್ದರಿಂದಲೇ ಬಿಗಿತವನ್ನು ಕೂಡಿಟ್ಟು ಒಡೆಯಿತು. ಸಮುದ್ರದ ಮೇಲ್ಮೈಯಲ್ಲಿ ಎರಡರ ಫಲವೂ ಒಂದೇ: ಸಾಗರತಳಕ್ಕೆ ಹತ್ತಿರದ ಸ್ತರಭಂಗ ಜಾರಿದಷ್ಟೂ ಅದು ಎತ್ತಿಹಾಕುವ ನೀರು ಹೆಚ್ಚು, ಸುನಾಮಿ ದೊಡ್ಡದು.

ಈ ವಿವರಣೆ ನನಗೆ ಒಪ್ಪಿಗೆಯಾಗುವುದು ಅದು ಹೂಳಿನ ದಪ್ಪ, ಬಿಸಿ, ನೀರು ಎಂಬ ಅಳೆಯಬಹುದಾದ ಮೂರು ಸಂಗತಿಗಳ ಮೇಲೆ ನಿಂತಿದೆ ಎಂಬ ಕಾರಣಕ್ಕೆ. ಆದರೆ ಎರಡು ಕೊಳವೆಗಳ ಹೂಳಿನಿಂದ 1,300 ಕಿ.ಮೀ. ಉದ್ದದ ಸ್ತರಭಂಗಕ್ಕೆ ಒಂದೇ ತೀರ್ಪು ಕೊಡುವುದು ಸರಿಯಲ್ಲ. ಕೊರೆದದ್ದು ಕಂದಕದಿಂದ ಸುಮಾರು 250 ಕಿ.ಮೀ. ಹೊರಗೆ, ಸ್ತರಭಂಗವನ್ನೇ ಅಲ್ಲ. ಅಲ್ಲಿಂದ ಮುಂದಿನದು ಉಷ್ಣ ಮಾದರಿಯ ಲೆಕ್ಕ. ಬಾರಾಟಾಂಗ್ ಕೆಸರಿನ ನೀರೇ ಹೇಳುವಂತೆ, ಅಂಡಮಾನಿನ ಭಾಗದಲ್ಲಿ ಫಲಕದ ಅಡಿಗೆ ಹೋದ ಮೇಲೂ ಜೇಡಿ ನೀರು ಬಿಡುತ್ತಲೇ ಇದೆ. ದಕ್ಷಿಣದ ಅರೆಸುಟ್ಟ ಮಡಕೆ ಉತ್ತರದಲ್ಲೂ ಅಷ್ಟೇ ಸುಟ್ಟಿದೆ ಎಂದುಕೊಳ್ಳಲಾಗದು.

ಇದು ನಿಕೋಬಾರಿನ ಇಂದಿನ ಚರ್ಚೆಗೆ ನೇರವಾಗಿ ತಾಗುವ ಮಾತು. ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿಯಲ್ಲಿ ದೊಡ್ಡ ಬಂದರು, ಅದರೊಂದಿಗೆ ವಿಮಾನ ನಿಲ್ದಾಣ, ಪಟ್ಟಣ ಕಟ್ಟುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ಸಿಕ್ಕಿದೆ. ಅಲ್ಲಿಂದ ಸ್ವಲ್ಪ ದೂರದ ಇಂದಿರಾ ಪಾಯಿಂಟ್‌ನಲ್ಲಿ 2004ರ ಒಂದೇ ಬೆಳಗ್ಗೆ ನೆಲ ನಾಲ್ಕು ಮೀಟರಿಗಿಂತ ಹೆಚ್ಚು ತಗ್ಗಿತು. ಅದುವರೆಗೆ ಒಣನೆಲದಲ್ಲಿದ್ದ ದೀಪಸ್ತಂಭದ ಬುಡವನ್ನು ಸಮುದ್ರ ಬಂದು ಸುತ್ತುವರಿಯಿತು. ಯೋಜನೆಯ ಪರವಾಗಿ ಮುಂದಿಡುವ ವಾದಗಳಲ್ಲೊಂದು, 2004ರಷ್ಟು ದೊಡ್ಡ ಕಂಪನ ಮರಳಲು ನಾನೂರಕ್ಕೂ ಹೆಚ್ಚು ವರ್ಷ ಬೇಕು ಎಂಬುದು. ಸರಾಸರಿಯ ಲೆಕ್ಕವಾಗಿ ಅದು ತಪ್ಪಿರಲಿಕ್ಕಿಲ್ಲ. ಆದರೆ ಸ್ತರಭಂಗದ ಮೇಲಂಚು ಈಗ ಮತ್ತೆ ಬಿಗಿದುಕೊಂಡಿದೆಯೋ, ಎಷ್ಟು ಅಗಲಕ್ಕೆ ಬಿಗಿದುಕೊಂಡಿದೆ, ಮುಂದಿನ ಮಧ್ಯಮ ಗಾತ್ರದ ಕಂಪನ ಆಳದಲ್ಲೇ ನಿಲ್ಲುತ್ತದೋ ಸಾಗರತಳದವರೆಗೆ ಬರುತ್ತದೋ ಎಂಬ ಪ್ರಶ್ನೆಗಳಿಗೆ ವರ್ಷಗಳ ಸರಾಸರಿಯಲ್ಲಿ ಉತ್ತರವಿಲ್ಲ. 8ರ ಆಸುಪಾಸಿನ ಕಂಪನವೂ ಮೇಲಂಚಿನಲ್ಲಿ ಜಾರಿದರೆ ತನ್ನ ಗಾತ್ರಕ್ಕೆ ಮೀರಿದ ಸುನಾಮಿ ಎಬ್ಬಿಸಬಲ್ಲದು. ಮೇಲಂಚಿನ ಸ್ಥಿತಿಯನ್ನು ತಿಳಿಯಲು ದ್ವೀಪಗಳ ಮೇಲಿನ ಜಿಪಿಎಸ್ ಕೇಂದ್ರಗಳು ಸಾಲವು, ಏಕೆಂದರೆ ಮೇಲಂಚು ಇರುವುದು ದ್ವೀಪಗಳಿಂದ ದೂರದ ನೀರಿನಡಿಯಲ್ಲಿ. ಜಪಾನ್ ನಾನ್ಕಾಯ್ ತಳದಲ್ಲಿ ತಂತಿಜಾಲ ಹಾಸಿ ಒತ್ತಡ, ಕಂಪನಗಳನ್ನು ಕ್ಷಣಕ್ಷಣಕ್ಕೆ ಅಳೆಯುತ್ತಿರುವುದು ಈ ಕಾರಣಕ್ಕೇ.

ಅರಬ್ಬೀ ಸಮುದ್ರದ ಕಡೆಗೆ ತಿರುಗಿದರೆ ಇದೇ ಪ್ರಶ್ನೆ ಕರಾವಳಿಯ ನಮ್ಮನ್ನೂ ಕೇಳುತ್ತದೆ. ಪಾಕಿಸ್ತಾನ, ಇರಾನ್‌ಗಳ ತೀರದಾಚೆಯ ಮಕ್ರಾನ್ ಸಬ್‌ಡಕ್ಷನ್ ವಲಯದಲ್ಲಿ ಹೂಳು ಇನ್ನೂ ದಪ್ಪ, ಸುಮಾರು 7 ಕಿ.ಮೀ. ಅಲ್ಲಿಯೂ ಕೆಸರು ಜ್ವಾಲಾಮುಖಿಗಳಿವೆ. 2013ರಲ್ಲಿ ಬಲೂಚಿಸ್ತಾನದಲ್ಲಿ ಭೂಕಂಪವಾದಾಗ ಗ್ವಾದರ್ ಎದುರು ಕೆಸರಿನ ದ್ವೀಪವೊಂದು ದಿಢೀರನೆ ತಲೆಯೆತ್ತಿದ್ದನ್ನು ಹಲವರು ಸುದ್ದಿಯಲ್ಲಿ ನೋಡಿರಬಹುದು. ಮಕ್ರಾನ್ ಹೂಳಿನ ದಪ್ಪದಿಂದಾಗಿ ಅಲ್ಲಿನ ಸ್ತರಭಂಗವೂ ಕಂದಕಕ್ಕೆ ಹತ್ತಿರದಲ್ಲೇ ಬಿಸಿಯೇರಿ ಗಟ್ಟಿಯಾಗಿರಬಹುದು, ಇಡಿಯಾಗಿ ಒಡೆದರೆ 8.7ರಿಂದ 9.2 ತೀವ್ರತೆಯವರೆಗೂ ಹೋಗಬಹುದು ಎಂದು ಅದೇ ವರ್ಷ ಪ್ರಕಟವಾದ ಒಂದು ಉಷ್ಣ ಲೆಕ್ಕಾಚಾರ ಹೇಳಿದೆ. ದಾಖಲೆಯಲ್ಲಿರುವ ದೊಡ್ಡ ಕಂಪನ 1945ರ ನವೆಂಬರ್ 28ರದು, ತೀವ್ರತೆ 8.1, ಅದರ ಅಲೆಗಳು ಮುಂಬೈಯಲ್ಲೂ ಜನರನ್ನು ಕೊಚ್ಚಿಕೊಂಡು ಹೋಗಿದ್ದವು. ಹೈದರಾಬಾದಿನ ಸುನಾಮಿ ಮುನ್ಸೂಚನಾ ಕೇಂದ್ರ 2007ರಿಂದ ಸುಮಾತ್ರಾದೊಂದಿಗೆ ಮಕ್ರಾನ್ ಮೇಲೂ ಕಣ್ಣಿಟ್ಟಿದೆ. ಕಾರವಾರಕ್ಕೋ ಮಂಗಳೂರಿಗೋ ಅಲ್ಲಿಂದ ಅಲೆ ಬರಲು ಕೆಲವು ಗಂಟೆಗಳು ಸಿಗುತ್ತವೆ. ಆ ಗಂಟೆಗಳಲ್ಲಿ ಕೊಡುವ ಅಲೆಯ ಎತ್ತರದ ಅಂದಾಜು, ಸ್ತರಭಂಗದ ಮೇಲಂಚು ಜಾರುತ್ತದೆಂದು ಲೆಕ್ಕದಲ್ಲಿ ಹಿಡಿದಿದ್ದಾರೋ ಇಲ್ಲವೋ ಎಂಬುದರ ಮೇಲೆ ಬಹಳಷ್ಟು ಬದಲಾಗುತ್ತದೆ.

ಆ ಲೆಕ್ಕವನ್ನು ಅಂದಾಜಿನಿಂದ ಅಳತೆಗೆ ತರಲು ಬೇಕಾದದ್ದು ಆಳದ ಮಣ್ಣು ಮತ್ತು ಅದರಿಂದ ಹಿಂಡಿದ ಕೆಲವು ಮಿಲಿಲೀಟರ್ ನೀರು. ನಿಕೋಬಾರ್ ಹೂಳಿನಿಂದ ಅದನ್ನು ತಂದುಕೊಟ್ಟ ಜಾಯ್ಡಿಸ್ ರೆಸಲ್ಯೂಷನ್ ಹಡಗಿನ ಸಂಶೋಧನಾ ಯಾನಗಳನ್ನು ವೆಚ್ಚದ ಕಾರಣ ನೀಡಿ ಅಮೆರಿಕ 2024ರಲ್ಲಿ ನಿಲ್ಲಿಸಿತು. ಜಪಾನಿನ ಬಳಿ ಚಿಕ್ಯು ಇದೆ, ಚೀನಾ ಅದೇ ವರ್ಷದ ನವೆಂಬರ್‌ನಲ್ಲಿ ಮೆಂಗ್ ಷಿಯಾಂಗ್ ಎಂಬ ಹೊಸ ಕೊರೆಯುವ ಹಡಗನ್ನು ಸೇವೆಗೆ ಇಳಿಸಿದೆ.